ಹಸ್ತಭೂಮಿಗೆ ಹೊರಟ ಮನೆಗಾಡಿ

೩ ಫೆಬ್ರವರಿ

ಮೇಲೆ ಏನೂ ಬರೆಯದೆ ನೇರವಾಗಿ ಶುರುಮಾಡಿದ್ದಾಳಲ್ಲ ಅಂತ ನೀವು ಹುಬ್ಬೇರಿಸುವುದು ಇಲ್ಲಿಂದಲೇ ಕಾಣಿಸುತ್ತಿದೆ. ಏನಂತ ಕರೆದು ಶುರುಮಾಡಲಿ ಎಂದು ಯೋಚಿಸಿ ಯೋಚಿಸಿ ಒಂದಷ್ಟು ಹಾಳೆ ಹಾಳುಮಾಡಿದೆ. ಕಡೆಗೆ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನೀವೂ ಅಣ್ಣನೂ ಬೇರೆಯಾದ ಮೇಲೆ ನಾನು ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಫೋನು ಮಾಡಬಹುದಿತ್ತು. ಮಾಡಿದರೆ ನೀವು "ಹಲೋ" ಅನ್ನುತ್ತೀರಿ, ನಾನು ಅಳುತ್ತೇನೆ, ನೀವು "ಸರಿ, ಇಡ್ತೀನಿ" ಅನ್ನುತ್ತೀರಿ. ಅಲ್ಲಿಗೆ ಮುಗಿಯಿತು.

ಇರಲಿ, ವಿಷಯಕ್ಕೆ ಬರುತ್ತೇನೆ. ನಾನು ಈಗಲೂ ಅದೇ ನಾಟಕ ಮಂದಿರದ ಬಟ್ಟೆ ಕೋಣೆಯಲ್ಲಿದ್ದೇನೆ. ರಾಜರ ಹರಿದ ತೋಳು ಹೊಲಿಯುತ್ತೇನೆ, ದಪ್ಪಗಾದ ರಾಣಿಯರ ಸೊಂಟದ ಹೊಲಿಗೆ ಬಿಚ್ಚುತ್ತೇನೆ. ಸೆಪ್ಟೆಂಬರಿನಲ್ಲಿ ರಂಗದ ಹಲಗೆಗಳನ್ನೆಲ್ಲ ಕಿತ್ತು ಹೊಸದಾಗಿ ಹಾಕುತ್ತಾರಂತೆ, ತಿಂಗಳು ಪೂರ್ತಿ ಬಾಗಿಲು ಮುಚ್ಚಿರುತ್ತದೆ. ಎಲ್ಲರೂ ಗೊಣಗುತ್ತಿದ್ದಾಗ ನನಗೆ ನೆನಪಾದದ್ದು ನಿಮ್ಮ ಅಂಗಳದ ಮನೆಗಾಡಿ. ನೀವೂ ಅಣ್ಣನೂ ಆ ಹಳೆಯ ವ್ಯಾನು ಕೊಂಡು, ಒಳಗೆ ಮಂಚ, ಒಲೆ, ಸಿಂಕು ಎಲ್ಲ ಕೂರಿಸಿ, ಒಂದು ದಿನವೂ ಎಲ್ಲಿಗೂ ಹೋಗದೆ ನಿಲ್ಲಿಸಿದಿರಲ್ಲ, ಅದು.

ಅದರಲ್ಲಿ ನಾವಿಬ್ಬರೂ ಹಸ್ತಭೂಮಿಗೆ ಹೋಗಿಬರೋಣವೇ?

ಹಸ್ತಭೂಮಿ ನೆನಪಿದೆ ತಾನೆ? ನೀವು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನನಗೆ ಹನ್ನೊಂದು. ಅಮ್ಮ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಭೂಗೋಳದ ಪಾಠದಲ್ಲಿ ಮೇಷ್ಟ್ರು ಪ್ರಸ್ಥಭೂಮಿ ಅಂದದ್ದು ನನ್ನ ಕಿವಿಗೆ ಹಸ್ತಭೂಮಿ ಅಂತ ಬಿದ್ದು, ಹಾಗೇ ಬರೆದುಕೊಂಡು ಬಂದಿದ್ದೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನೀವು ನಗಲಿಲ್ಲ. ಅಂಗೈ ಚಾಚಿ, "ಸರಿಯಾಗೇ ಬರ್ದಿದೀಯ, ನೋಡು. ಎತ್ತರದಲ್ಲಿ ಹೀಗೆ ಚಪ್ಪಟೆಯಾಗಿರುತ್ತೆ. ಈ ಗೆರೆಗಳೆಲ್ಲ ಹೊಳೆ. ಬೆರಳ ಸಂದೀಲಿ ನೀರು ಕೆಳಗೆ ಬೀಳುತ್ತೆ" ಅಂದಿರಿ. ನಾನು ಪರೀಕ್ಷೆಯಲ್ಲೂ ಹಾಗೇ ಬರೆದು ಸೊನ್ನೆ ತೆಗೆದುಕೊಂಡೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಹಸ್ತಭೂಮಿಯೇ.

ಅಣ್ಣನಿಗೆ ಹೇಳಿಲ್ಲ. ಇದು ಅವನ ವಿಷಯವಲ್ಲ. ಆಗುವುದಿಲ್ಲ ಅನ್ನುವುದಾದರೆ ಅದನ್ನೂ ಬರೆದೇ ತಿಳಿಸಿ.

ಇಂತಿ,
ನೀವೇ ಹೆಸರಿಟ್ಟ ಸೂಜಿ


೧೯ ಫೆಬ್ರವರಿ

ಸೂಜಿ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಅಂಗಡಿಯ ಮೇಜಿನ ಖಾನೆಯಲ್ಲಿ, ಮಾಡಿಸಿಕೊಂಡವರು ಒಯ್ಯಲು ಬಾರದೆ ಉಳಿದುಹೋದ ಕನ್ನಡಕಗಳ ಜೊತೆ ಇಟ್ಟಿದ್ದೆ. ಗಾಜು ಉಜ್ಜುವಾಗೆಲ್ಲ ಆ ಖಾನೆಯ ಕಡೆಗೇ ಕಣ್ಣು ಹೋಗುತ್ತಿತ್ತು. ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿಬಿಟ್ಟೆ. ಅವರು ಹಾಕಿಕೊಂಡು, "ಬಾಗಿಲು ಎರಡು ಕಾಣ್ತಿದೆ, ಯಾವುದ್ರಲ್ಲಿ ಹೋಗ್ಲಿ?" ಅಂದರು. ಅದು ನಿನ್ನ ಲೆಕ್ಕಕ್ಕೆ.

ಮನೆಗಾಡಿ ಇನ್ನೂ ಇದೆ. ನಾಲ್ಕು ಚಕ್ರದ ಗಾಳಿಯೂ ಹೋಗಿ ಇಟ್ಟಿಗೆಯ ಮೇಲೆ ಕೂತಿದೆ. ಬೆಕ್ಕು ಸಿಂಕಿನಲ್ಲಿ ಮರಿ ಹಾಕಿತ್ತು. ತರಕಾರಿ ವ್ಯಾಪಾರಿಯೊಬ್ಬ ಬಂದು ಕೇಳಿಕೊಂಡು ಹೋಗಿದ್ದಾನೆ. ಮಂಚ, ಒಲೆ ಎಲ್ಲ ಕಿತ್ತು ಟೊಮ್ಯಾಟೊ ಸಾಗಿಸುತ್ತಾನಂತೆ. ಕೊಟ್ಟುಬಿಡುವುದು ಅಂತಲೇ ಇದ್ದೇನೆ. ಅಂಗಳದಲ್ಲಿ ಜಾಗವಾದರೂ ಆಗುತ್ತದೆ.

ನಿಮ್ಮಣ್ಣನ ಮದುವೆಗೆ ನೀನು ಹಸಿರು ಉಟ್ಟುಕೊಂಡು ಹೋಗಿದ್ದೆಯಂತೆ. ಚೆನ್ನಾಗಿ ಒಪ್ಪಿತ್ತಂತೆ. ನೋಡಿದವರು ಹೇಳಿದರು, ನಾನಾಗಿ ಕೇಳಲಿಲ್ಲ.

ಭಾನುವಾರ ಗಾಡಿಯೊಳಗಿನ ಸಾಮಾನು ತೆಗೆಯೋಣ ಅಂತ ಬಾಗಿಲು ತೆರೆದೆ. ಸಾಮಾನು ಏನೂ ಇರಲಿಲ್ಲ. ಸುಮ್ಮನೆ ಮಂಚದ ತುದಿಯಲ್ಲಿ ಕೂತೆ. ಎದುರಿನ ಕಿಟಕಿಯಲ್ಲಿ ನಮ್ಮ ಕಾಂಪೌಂಡ್ ಗೋಡೆ, ಅದರ ಮೇಲೆ ಒಂದು ಗೇಣು ಆಕಾಶ. ಚಹಾ ಮಾಡಿಕೊಂಡು ಬಂದು ಅಲ್ಲೇ ಕುಡಿದೆ. ಎದ್ದಾಗ ಗೋಡೆಯ ಮೇಲೆ ಬಿಸಿಲಿರಲಿಲ್ಲ.

ಯಾವ ದಾರಿಯಲ್ಲಿ ಹೋಗೋಣ ಅಂದುಕೊಂಡಿದ್ದೀಯ? ಸುಮ್ಮನೆ ಕೇಳಿದೆ, ಅಷ್ಟೆ.

ಇಂತಿ,
ಕನ್ನಡಕದ ಅಂಗಡಿಯವಳು


೧ ಮಾರ್ಚ್

"ಸುಮ್ಮನೆ ಕೇಳಿದೆ" ಅನ್ನುವುದನ್ನು ಓದಿ ಬಟ್ಟೆ ಕೋಣೆಯಲ್ಲಿ ಒಬ್ಬಳೇ ಕುಣಿದೆ. ಕಾಲಿಗೆ ಗುಂಡುಸೂಜಿ ಚುಚ್ಚಿಕೊಂಡಿತು. ಅದು ನಿಮ್ಮ ಲೆಕ್ಕಕ್ಕೆ.

ದಾರಿ ಹೀಗೆ. ತಪ್ಪಲಿನ ಊರಿನಲ್ಲಿ ನೀರಿನ ತೊಟ್ಟಿ ತುಂಬಿಸಿಕೊಂಡು, ಗ್ಯಾಸ್ ಸಿಲಿಂಡರು ಬದಲಾಯಿಸಿಕೊಂಡು ಬೆಳಿಗ್ಗೆ ಘಾಟಿ ಹತ್ತುವುದು. ನಾನು ಓಡಿಸುತ್ತೇನೆ. ನಾಟಕದ ಸೆಟ್ಟು ಸಾಗಿಸುವ ಲಾರಿಯನ್ನೇ ಓಡಿಸುತ್ತೇನೆ, ಇದೇನು ಮಹಾ. ಮೇಲೆ ಹೋದ ಮೇಲೆ ಮೊದಲು ತಂಗುವುದು ಕೆರೆ ದಂಡೆಯಲ್ಲಿ. ಮನೆಗಾಡಿಗಳು ನಿಲ್ಲಲೆಂದೇ ಜಾಗ ಮಾಡಿದ್ದಾರೆ, ನಲ್ಲಿ ಇದೆ, ಕರೆಂಟು ಇದೆ. ಆಮೇಲೆ ಹುಲ್ಲಿನ ಬಯಲು. ಅಲ್ಲಿ ಗಾಳಿ ಒಂದೇ ಕಡೆಯಿಂದ ಬೀಸಿ ಬೀಸಿ ಮರಗಳೆಲ್ಲ ಒಂದೇ ಕಡೆಗೆ ಬಾಗಿ ನಿಂತಿವೆಯಂತೆ. ಕೊನೆಗೆ ಅಂಚು. ಅಲ್ಲಿಗೆ ನೆಲ ಮುಗಿಯುತ್ತದೆ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಮೋಡಗಳು ಮೆಟ್ಟಿಲಿನ ಕೆಳಗಿರುತ್ತವೆಯಂತೆ. ನಾವು ಏನೂ ಮಾಡುವುದಿಲ್ಲ. ಆಲೂಗಡ್ಡೆ ಬೇಯಿಸಿಕೊಂಡು ತಿನ್ನುವುದು, ಮೋಡದ ನೆರಳು ಹುಲ್ಲಿನ ಮೇಲೆ ನಡೆದುಹೋಗುವುದನ್ನು ನೋಡುವುದು, ನಿದ್ದೆ ಬಂದರೆ ಮಲಗುವುದು.

ಮದುವೆಗೆ ಹೋಗಿದ್ದೆ. ಅವನು ನನ್ನ ಅಣ್ಣ, ಹೋಗದೆ ಇರಲಾಗಲಿಲ್ಲ. ಊಟ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ನಿಮಗೆ ಸಮಾಧಾನವಾಗಬಹುದು, ಆದರೆ ಇಳಿಯಿತು. ಎರಡು ಸಲ ಬಡಿಸಿಕೊಂಡೆ. ಮನೆಗೆ ಬಂದು ಅತ್ತೆ.

ತರಕಾರಿಯವನಿಗೆ ಈಗಲೇ ಮಾತು ಕೊಡಬೇಡಿ. ಇಲ್ಲೊಂದು ಹಳೆಯ ರಂಗದ ಪರದೆ ಇದೆ, ಆಕಾಶದ ಬಣ್ಣದ್ದು. ಎಷ್ಟೋ ನಾಟಕಗಳಿಗೆ ಆಕಾಶವಾಗಿ ನಿಂತು ಈಗ ನಡುವೆ ಹರಿದಿದೆ, ಎಸೆಯುತ್ತಾರಂತೆ. ಅದರಲ್ಲಿ ಗಾಡಿಯ ಕಿಟಕಿಗಳಿಗೆ ಪರದೆ ಹೊಲಿಯುತ್ತೇನೆ. ಅಳತೆ ಕಳಿಸಿ. ಇಂಚಿನಲ್ಲಿ ಕಳಿಸಿ, ದಯವಿಟ್ಟು. ನಿಮ್ಮ ಅಳತೆ ನನಗೆ ಗೊತ್ತು.

ಇಂತಿ,
ಸೂಜಿ


೨೪ ಮಾರ್ಚ್

ಸೂಜಿ,

ಇಂಚಿನ ಟೇಪು ಸಿಗಲಿಲ್ಲ. ಗೇಣಿನಲ್ಲೇ ಅಳೆದಿದ್ದೇನೆ. ಇಡೀ ದಿನ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಗಾಜು ಉಜ್ಜುವವಳು ಮನೆಗೆ ಬಂದ ಮೇಲಾದರೂ ಕೈಯಲ್ಲಿ ಅಳೆಯಬಾರದೇ? ನಿನ್ನ ಲಂಗಗಳನ್ನೆಲ್ಲ ಹಾಗೇ ಅಳೆದು ಹೊಲಿಸಿದ್ದು, ಯಾವುದೂ ಉದುರಿ ಬೀಳಲಿಲ್ಲ.

ದೊಡ್ಡ ಕಿಟಕಿಯ ಎತ್ತರ ಆರು ಗೇಣು, ಚಿಕ್ಕ ಕಿಟಕಿಗಳದ್ದು ನಾಲ್ಕೂವರೆ. ನಿನ್ನ ಗೇಣಿಗೆ ಲೆಕ್ಕ ಹಾಕಿಯೇ ಬರೆದಿದ್ದೇನೆ. ನೀನು ಮತ್ತೆ ಕೂಡಿಸಿ ಕಳೆದು ಬುದ್ಧಿವಂತಿಕೆ ತೋರಿಸಬೇಡ.

ತರಕಾರಿಯವನಿಗೆ ಬೇಸಗೆ ಕಳೆಯಲಿ ಅಂದೆ. ಗಾಡಿ ನೋಡಲು ಗ್ಯಾರೇಜಿನ ಸ್ಪ್ಯಾನರ್ ತಾತ ಬಂದಿದ್ದ. ಹೆಸರು ಯಾರಿಗೂ ಗೊತ್ತಿಲ್ಲ, ಕಿವಿಯ ಮೇಲೆ ಪೆನ್ಸಿಲಿನ ಬದಲು ಸ್ಪ್ಯಾನರ್ ಸಿಕ್ಕಿಸಿಕೊಂಡಿರುತ್ತಾನೆ. ಅಡಿಯಲ್ಲಿ ಮಲಗಿ, ಕಾಲಷ್ಟೇ ಹೊರಗೆ ಬಿಟ್ಟುಕೊಂಡು, "ಎಂಜಿನ್ ಸತ್ತಿಲ್ಲಮ್ಮ, ಮುನಿಸ್ಕೊಂಡಿದೆ" ಅಂದ. ಬ್ಯಾಟರಿ ಹೊಸದು ಬೇಕಂತೆ. ನಾಲ್ಕು ಟಯರೂ ಬೇಕಂತೆ. ಇಟ್ಟಿಗೆಯಿಂದ ಇಳಿಸಲು ಹೇಳಿದ್ದೇನೆ, ಇಳಿಸುವುದರಲ್ಲಿ ತಪ್ಪೇನಿಲ್ಲವಲ್ಲ.

ನೀನು ನಗಬಾರದು. ಕಳೆದ ಭಾನುವಾರ ನಾನು ಕೆರೆ ದಂಡೆಗೆ ಹೋಗಿಬಂದೆ. ಗಾಡಿ ಅಂಗಳದಲ್ಲೇ ಇತ್ತು. ಬಾಗಿಲು ಹಾಕಿಕೊಂಡು, ನೀನು ಬರೆದದ್ದನ್ನು ಇನ್ನೊಮ್ಮೆ ಓದಿ ಕಣ್ಣು ಮುಚ್ಚಿದೆ. ಪಕ್ಕದ ಮನೆಯ ನಲ್ಲಿಯ ಸದ್ದು ಕೆರೆಯ ಅಲೆಯಾಯಿತು. ನೀನು ಹೊರಗೆಲ್ಲೋ ಪಾತ್ರೆ ತೊಳೆಯುತ್ತಿದ್ದೆ. "ಬೇಗ ಬಾ, ತಣ್ಣಗಾಗುತ್ತೆ" ಅಂತ ನಾನು ಕೂಗಿದೆ. ನಿಜವಾಗಿಯೂ ಕೂಗಿಬಿಟ್ಟೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ತಲೆ ಹಾಕಿ, "ಯಾರಾದ್ರೂ ಬಂದಿದಾರಾ?" ಅಂತ ಕೇಳಿದರು. ಬರುವವರಿದ್ದಾರೆ ಅಂದೆ.

ಇಂತಿ,
ಅಂಗಳದ ಪ್ರವಾಸಿ


೨೦ ಏಪ್ರಿಲ್

ಪಾರ್ಸೆಲ್ ಕಳಿಸಿದ್ದೇನೆ. ಕತ್ತರಿ ಎತ್ತಿ, ಕೆಳಗಿಟ್ಟು, ಮತ್ತೆ ಎತ್ತಿ ಆಕಾಶವನ್ನು ಕತ್ತರಿಸಿದೆ. ಎಲ್ಲ ಹೊಲಿಗೆಯೂ ಎರಡು ಸಲ ಹಾಕಿದ್ದೇನೆ, ಘಾಟಿಯ ಗಾಳಿಗೆ ಬಿಚ್ಚಿಕೊಳ್ಳಬಾರದು ಅಂತ. ನಮ್ಮ ಹಿರಿಯ ದರ್ಜಿ ನಾನು ಗೇಣು ಹಾಕುತ್ತಿದ್ದುದನ್ನು ನೋಡಿ, "ನಾಲ್ಕು ಟೇಪು ಕೊರಳಲ್ಲಿ ಹಾಕ್ಕೊಂಡು ಇದೇನಮ್ಮ ಅವತಾರ?" ಅಂದರು. ಇದು ಮನೆಯ ಅಳತೆ ಅಂದೆ. ಕಿಟಕಿ ಇಷ್ಟು ದೊಡ್ಡದಿತ್ತೇ ಅಂತ ನನಗೂ ಅನುಮಾನ ಬಂತು. ಆದರೆ ನೀವು ಆರು ಅಂದ ಮೇಲೆ ಆರು.

ಮೊನ್ನೆ ನಾನೂ ಹೋಗಿದ್ದೆ, ಹುಲ್ಲಿನ ಬಯಲಿಗೆ. ಊಟದ ಬಿಡುವಿನಲ್ಲಿ, ಪರದೆ ಬಟ್ಟೆಯ ರಾಶಿಯ ಮೇಲೆ ಮಲಗಿಕೊಂಡು. ನೀವು ಬಾಗಿದ ಮರಗಳನ್ನು ನೋಡಿ, ಇವಕ್ಕೆಲ್ಲ ಸೊಂಟ ನೋವು ಅಂದಿರಿ. ನಕ್ಕ ಸದ್ದಿಗೆ ನನಗೇ ಎಚ್ಚರವಾಯಿತು. ಗಾಡಿಯಲ್ಲಿ ಎರಡು ಮಂಚ ಇದೆಯಲ್ಲ, ಕಿಟಕಿ ಕಡೆಯದು ಯಾರಿಗೆ?

ಇಂತಿ,
ಸೂಜಿ


೫ ಮೇ

ಸೂಜಿ,

ಕಿಟಕಿ ಕಡೆಯದು ನನಗೆ. ವಯಸ್ಸಿಗೆ ಮರ್ಯಾದೆ ಕೊಡು.

ಪರದೆಗಳು ಬಂದವು. ಹಾಕಿದೆ. ಕಿಟಕಿ ದಾಟಿ ಮಂಚದ ಮೇಲೆ ಬಿದ್ದು ಹೊರಳಾಡುತ್ತಿವೆ. ಹೊಲಿಗೆ ಕೆಲಸಕ್ಕೆ ಇವಳನ್ನು ಯಾರು ಇಟ್ಟುಕೊಂಡರಪ್ಪ ಅಂತ ಬೈದುಕೊಂಡೆ. ಮತ್ತೆ ಅಳೆದು ನೋಡಿದೆ. ಆಮೇಲೆ ಮಂಚದ ಮೇಲೆ ಕೂತು ಬಹಳ ಹೊತ್ತು ನಕ್ಕೆ. ಕೊನೆಕೊನೆಗೆ ಅದು ನಗುವಾಗಿ ಉಳಿಯಲಿಲ್ಲ.

ಆದದ್ದು ಏನು ಅಂದರೆ, ದೊಡ್ಡ ಕಿಟಕಿ ನನ್ನ ಗೇಣಿನಲ್ಲಿ ನಾಲ್ಕೇ. ಸೂಜಿಯ ಕೈ ಚಿಕ್ಕದು, ಅವಳಿಗೆ ಆರು ಬೇಕಾಗುತ್ತದೆ ಅಂತ ನಾನೇ ಲೆಕ್ಕ ಹಾಕಿ ಆರು ಅಂತ ಬರೆದೆ. ಯಾವ ಸೂಜಿಯ ಕೈ? ರಸ್ತೆ ದಾಟುವಾಗ ನನ್ನ ಅಂಗೈಯೊಳಗೆ ಪೂರ್ತಿ ಅಡಗುತ್ತಿದ್ದ ಕೈ. ನೀನೋ, ಮಾತೂ ಆಡದೆ ನಿನ್ನ ಈಗಿನ ಕೈಯಲ್ಲಿ ಆರು ಗೇಣು ಹಾಕಿ ಕತ್ತರಿಸಿದೆ. ಈಗ ನಿನ್ನ ಕೈ ನನ್ನದಕ್ಕಿಂತ ದೊಡ್ಡದು ಅಂತ ಪರದೆಯೇ ಹೇಳುತ್ತಿದೆ. ಅದು ಯಾವಾಗ ಬೆಳೆಯಿತೇ? ನಾನು ಆಗಲೂ ಅದೇ ಮನೆಯಲ್ಲಿದ್ದೆನಲ್ಲ.

ಕತ್ತರಿಸುವುದಿಲ್ಲ. ಮೇಲೆತ್ತಿ ಮಡಿಸಿ ಪಿನ್ನು ಹಾಕಿದ್ದೇನೆ. ಒಳಗೆ ಕೂತರೆ ಎಲ್ಲ ಕಡೆಯೂ ಆಕಾಶವೇ ಕಾಣಿಸುತ್ತದೆ, ಗೋಡೆ ಕಾಣುವುದಿಲ್ಲ.

ಟಯರು ಹಾಕಿಸಿದೆ. ಗಾಡಿ ಈಗ ನೆಲದ ಮೇಲಿದೆ. ತೊಟ್ಟಿಗೆ ನೀರು ಬಿಟ್ಟು ನೋಡಿದೆವು, ಒಂದು ಕಡೆ ಸೋರುತ್ತಿದೆ, ಸ್ಪ್ಯಾನರ್ ತಾತ ಬೆಸುಗೆ ಹಾಕುತ್ತಾನೆ. ಮೇಲೆ ಚಳಿ ಇರುತ್ತದೆಯೇ? ಕಂಬಳಿ ಎಷ್ಟು ಒಯ್ಯಬೇಕು? ತರಕಾರಿಯವನು ಮತ್ತೆ ಬಂದಿದ್ದ. ಮನಸ್ಸು ಬದಲಾಯಿಸಿದ್ದೇನೆ ಅಂದೆ.

ಇಂತಿ,
ಗೇಣಿಗೊಬ್ಬಳೇ ಒಡತಿ


೨ ಜೂನ್

ಓದಿ ಕೈಯನ್ನೇ ನೋಡುತ್ತಾ ಕೂತಿದ್ದೆ. ಇದನ್ನು ಬೆಳೆಸಿದ್ದು ನೀವೇ ಅಲ್ಲವೇ, ಈಗ ನನ್ನನ್ನು ಕೇಳಿದರೆ?

ಕಂಬಳಿ ತಲೆಗೆ ಎರಡು. ಅಂಚಿನಲ್ಲಿ ಸೆಪ್ಟೆಂಬರಿನಲ್ಲೇ ಹಲ್ಲು ಕಟಕಟ ಅನ್ನುವಷ್ಟು ಚಳಿಯಂತೆ. ಅಲ್ಲಿಗೆ ಹೋಗಿಬಂದ ನಟರೊಬ್ಬರು ಹೇಳಿದರು. ಬೆಳಿಗ್ಗೆ ಗಾಡಿಯ ಗಾಜಿನ ಮೇಲೆ ಒಳಗಿನಿಂದಲೇ ಹನಿ ಕಟ್ಟಿರುತ್ತದಂತೆ, ಬೆರಳಿನಲ್ಲಿ ಹೆಸರು ಬರೆಯಬಹುದಂತೆ. ಗಾಡಿ ನಿಲ್ಲಿಸುವಾಗ ಮಟ್ಟ ನೋಡಿ ನಿಲ್ಲಿಸಿ, ಇಲ್ಲದಿದ್ದರೆ ಮಲಗಿದವರು ಬೆಳಗಾಗುವಷ್ಟರಲ್ಲಿ ಒಂದೇ ಮೂಲೆಯಲ್ಲಿರುತ್ತಾರೆ ಅಂದರು. ಮೇಜಿನ ಮೇಲೆ ಗೋಲಿ ಇಟ್ಟು ನೋಡಬೇಕಂತೆ.

ಒಂದೇ ಒಂದು ತೊಡಕು. ಅತ್ತಿಗೆಗೆ ಸೆಪ್ಟೆಂಬರ್ ಮೊದಲ ವಾರದಲ್ಲಿ ದಿನ ತುಂಬುತ್ತದೆ. ಅಣ್ಣ ಬಂದಿರು ಅನ್ನುತ್ತಿದ್ದಾನೆ. ಅತ್ತಿಗೆ ಕಡೆಯವರು ಯಾರೂ ಹತ್ತಿರದಲ್ಲಿಲ್ಲ. ಹೇಗೂ ತಿಂಗಳು ಪೂರ್ತಿ ರಜೆ ಇದೆ, ಅಲ್ಲಿ ಒಂದಷ್ಟು ದಿನ ಇದ್ದು ನಿಮ್ಮ ಹತ್ತಿರ ಬಂದುಬಿಡುತ್ತೇನೆ. ಆಗಬಹುದು ತಾನೆ?

ಬೆಸುಗೆ ಆಯಿತೇ?

ಇಂತಿ,
ಸೂಜಿ


೧೭ ಜೂನ್

ಸೂಜಿ,

ಅತ್ತಿಗೆಗೆ ದಿನ ತುಂಬುತ್ತದೆ ಅಂತ ಓದಿ ಒಂದು ಗಳಿಗೆ ನನ್ನ ಹೊಟ್ಟೆಯನ್ನೇ ಮುಟ್ಟಿ ನೋಡಿಕೊಂಡೆ. ಇಷ್ಟು ವರ್ಷದ ಅಭ್ಯಾಸ, ಆ ಪದ ಕಂಡರೆ ನನ್ನನ್ನೇ ಕರೆದಂತೆ. ಆಮೇಲೆ ಅರ್ಥವಾಯಿತು.

ಫೆಬ್ರವರಿಯಿಂದ ನನ್ನನ್ನು ಏನೂ ಕರೆಯದೆ ಬರೆಯುತ್ತಿದ್ದೀಯ. ಪಾಪ, ಹುಡುಗಿಗೆ ಆ ಪದ ಬಾಯಿಗೆ ಬರುತ್ತಿಲ್ಲ, ಕಳೆದುಹೋಗಿದೆ ಅಂದುಕೊಂಡಿದ್ದೆ. ಕಳೆದುಹೋಗಿರಲಿಲ್ಲ. ನೀನು ಅದನ್ನು ಬೇರೆಯವರಿಗೆ ಕೊಟ್ಟಿದ್ದೆ.

ಅಲ್ಲಿ ನಿನ್ನ ಅಗತ್ಯವಿದೆ, ತಿಂಗಳು ಪೂರ್ತಿ ಇದ್ದು ಬಾ. ತರಕಾರಿಯವನಿಗೆ ಹೇಳಿ ಕಳಿಸಿದ್ದೇನೆ. ಸೋಮವಾರ ಬರುತ್ತಾನೆ.

ಇಂತಿ


೨೧ ಜೂನ್

ಗಾಡಿ ಕೊಡಬೇಡಿ. ಮೊದಲು ಅದನ್ನು ಬರೆಯುತ್ತೇನೆ. ಕೊಡಬೇಡಿ.

ಬೆಳಿಗ್ಗೆಯಿಂದ ಫೋನು ಮಾಡುತ್ತಿದ್ದೇನೆ, ನೀವು ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಅತ್ತುಬಿಡುತ್ತಿದ್ದೆ ಅಂತ ನಿಮಗೆ ಗೊತ್ತು.

ಆ ಪದ ಕೊಟ್ಟದ್ದು ಹೇಗೆ ಅಂತ ಹೇಳುತ್ತೇನೆ. ಮದುವೆಯ ದಿನ ಅಣ್ಣ ನನ್ನ ಭುಜ ಹಿಡಿದು ಅವಳ ಮುಂದೆ ನಿಲ್ಲಿಸಿ, "ಇನ್ಮೇಲೆ ಇವಳೇ ನಿನ್ನ ಅತ್ತಿಗೆ. ಎಲ್ಲಿ, ಒಂದ್ಸಲ ಕರಿ ನೋಡೋಣ" ಅಂದ. ಸುತ್ತ ಜನ. ಎಲ್ಲರೂ ನಗುತ್ತಾ ಕಾಯುತ್ತಿದ್ದರು. ಅವಳೂ ನಾಚಿಕೊಂಡು ಕಾಯುತ್ತಿದ್ದಳು. ಒಳ್ಳೆಯವಳು, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಹೆಸರು ಹಿಡಿದು ಕರೆದು ಸುಮ್ಮನಾಗುತ್ತಿದ್ದೆ. ಕರೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ನಿಮಗೆ ಬರೆಯಲು ಕೂತಾಗೆಲ್ಲ ಆ ಪದದ ಹತ್ತಿರ ಪೆನ್ನು ನಿಂತುಬಿಡುತ್ತದೆ. ಅದನ್ನು ಬರೆದರೆ ನಿಮ್ಮನ್ನು ಅಣಕಿಸಿದಂತೆ ಆಗುತ್ತದೆಯೇನೋ, ನಿಮಗೆ ಅಣ್ಣನ ನೆನಪಾಗುತ್ತದೆಯೇನೋ ಅಂತ ಹೆದರಿಕೆ. ಹೆದರಿ ಖಾಲಿ ಬಿಟ್ಟೆ. ಖಾಲಿ ಬಿಟ್ಟದ್ದೇ ನಿಮಗೆ ಚುಚ್ಚುತ್ತದೆ ಅಂತ ಹೊಳೆಯಲೇ ಇಲ್ಲ.

ನನಗೆ ಹಸ್ತಭೂಮಿ ನೋಡದಿದ್ದರೂ ನಡೆಯುತ್ತದೆ. ನೀವಿಲ್ಲದೆ ನಡೆಯುವುದಿಲ್ಲ.

ಇಂತಿ,
ಸೂಜಿ


೧೫ ಜುಲೈ

ಉತ್ತರ ಬರಲಿಲ್ಲ. ಗಾಡಿ ಹೋಯಿತು ಅಂತ ತಿಳಿದುಕೊಂಡಿದ್ದೇನೆ. ಆದರೂ ಮಧ್ಯಾಹ್ನದ ಬಿಡುವಿನಲ್ಲಿ ಕಣ್ಣು ಮುಚ್ಚಿದರೆ ಗಾಡಿ ಘಾಟಿ ಹತ್ತುತ್ತಿರುತ್ತದೆ. ಒಂದು ತಿರುವು, ಇನ್ನೊಂದು ತಿರುವು. ಪಕ್ಕದ ಸೀಟಿನಲ್ಲಿ ಯಾರೂ ಇರುವುದಿಲ್ಲ. ಮೇಲೆ ತಲುಪುವುದೂ ಇಲ್ಲ.

ಇಂತಿ,
ಸೂಜಿ


೪ ಸೆಪ್ಟೆಂಬರ್

ಅಕ್ಕಾ,

ಕಡೆಗೂ ಆ ಖಾಲಿ ಜಾಗ ತುಂಬಿಸಿದ್ದೇನೆ. ಬಹಳ ಯೋಚಿಸಿ ಇದನ್ನು ಆರಿಸಿದೆ. ಇದಕ್ಕೆ ಅಣ್ಣನ ಹಂಗು ಬೇಡ, ಯಾರ ಮದುವೆಯೂ ಬೇಡ. ಒಪ್ಪಿಗೆಯಾಗುತ್ತದೆಯೇ?

ಅಣ್ಣನ ಮನೆಯಿಂದ ಬರೆಯುತ್ತಿದ್ದೇನೆ. ಮೊನ್ನೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಆರೋಗ್ಯವಾಗಿದ್ದಾರೆ. ಇದನ್ನು ನಿಮಗೆ ಬರೆಯಬೇಕೋ ಬೇಡವೋ ಅಂತ ಅನುಮಾನಿಸಿದೆ. ಬಚ್ಚಿಟ್ಟರೆ ಅದು ಇನ್ನೊಂದು ಖಾಲಿ ಜಾಗವಾಗುತ್ತದೆ. ಅಣ್ಣ ಮಗುವನ್ನು ಗಾಜಿನ ಸಾಮಾನಿನ ಹಾಗೆ ಹಿಡಿದುಕೊಂಡು, ಕೂರಲೂ ಹೆದರಿ ನಿಂತೇ ಇರುತ್ತಾನೆ. ನಿನ್ನೆ ಅವನೇ ಕೇಳಿದ, "ಅವಳು ಹೇಗಿದ್ದಾಳೆ, ಗೊತ್ತಾ?" ಅಂತ. ಗೊತ್ತಿಲ್ಲ ಅಂದೆ. ಸುಳ್ಳಲ್ಲ, ನನಗೆ ನಿಜವಾಗಿಯೂ ಗೊತ್ತಿಲ್ಲ.

ಈ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಇಂತಿ,
ಸೂಜಿ


೧೪ ಸೆಪ್ಟೆಂಬರ್

ಸೂಜಿ,

ಹಸ್ತಭೂಮಿಯಿಂದ ಬರೆಯುತ್ತಿದ್ದೇನೆ. ಈ ಸಲ ಅಂಗಳದ ಹಸ್ತಭೂಮಿಯಲ್ಲ. ಗಾಡಿ ನಿಜವಾದ ಕೆರೆ ದಂಡೆಯಲ್ಲಿ ನಿಂತಿದೆ. ಮೇಜಿನ ಮೇಲಿಟ್ಟ ಗೋಲಿ ಉರುಳಿ ಉರುಳಿ ನನ್ನ ಮೊಣಕೈಗೆ ಬಂದು ತಾಗುತ್ತಿದೆ. ಮಟ್ಟ ನೋಡಿ ನಿಲ್ಲಿಸುವುದು ನನಗಿನ್ನೂ ಬಂದಿಲ್ಲ.

ತರಕಾರಿಯವನು ಆ ಸೋಮವಾರ ಬಂದ. ಗಾಡಿಯೊಳಗೆ ಹತ್ತಿ ಅತ್ತಿತ್ತ ನೋಡಿ, ಪರದೆಗೆ ಕೈ ಹಾಕಿ, "ಇವನ್ನ ಈಗ್ಲೇ ಕಿತ್ತಾಕ್ಬಿಡ್ಲಾ ಮೇಡಂ? ಕ್ರೇಟಿಗೆ ಅಡ್ಡ ಬರ್ತವೆ" ಅಂದ. ಒಂದು ಪಿನ್ನು ಕಳಚಿ, ಪರದೆ ಮಂಚದವರೆಗೂ ಜಾರಿ ಬಿತ್ತು. "ಕೈ ತೆಗೀರಿ" ಅಂದೆ. ಅವನು ಗಾಬರಿಯಾಗಿ ಇಳಿದುಹೋದ. ನನಗೂ ಗಾಬರಿಯಾಯಿತು, ಅಷ್ಟು ಜೋರಾಗಿ ಕೂಗಿದ್ದೆ.

ಕೊಡಲಿಲ್ಲ. ಆದರೆ ನಿನಗೆ ಬರೆಯಲೂ ಆಗಲಿಲ್ಲ. ಕೋಪ ಇತ್ತು. ನಿನ್ನ ಜೂನಿನ ಪತ್ರ ಓದಿದ ಮೇಲೂ ಇತ್ತು. ನಿಮ್ಮಣ್ಣನ ಮೇಲೆ ಇದ್ದದ್ದು ಎಷ್ಟು, ನಿನ್ನ ಮೇಲೆ ಎಷ್ಟು ಅಂತ ಬೇರೆ ಮಾಡಲಾಗದೆ ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಸ್ಪ್ಯಾನರ್ ತಾತನ ಹತ್ತಿರ ಹೋಗಿ, ಓಡಿಸಲು ಕಲಿಸು ಅಂದೆ. ಕಲಿಸಿದ. ಹಿಂದಕ್ಕೆ ತೆಗೆಯುವಾಗ ನಮ್ಮ ಗೇಟಿನ ಒಂದು ಕಂಬ ಹೋಯಿತು. "ಹೋಗ್ಲಿ ಬಿಡಮ್ಮ, ಅಗಲ ಆಯ್ತು" ಅಂದ. ಲೈಸೆನ್ಸು ಬಂದ ಮರುದಿನ ಅಂಗಡಿಯ ಬಾಗಿಲಿಗೆ "ಮಾಲೀಕರು ಊರಿನಲ್ಲಿಲ್ಲ" ಅಂತ ಚೀಟಿ ಅಂಟಿಸಿದೆ. ಊರಿನಲ್ಲಿರದೇ ಇರುವುದು ಎಷ್ಟು ಸುಖ ಅಂತ ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಹೊರಡುವ ಬೆಳಿಗ್ಗೆ ನಿನ್ನ ಈ ತಿಂಗಳ ಪತ್ರ ಕೈಗೆ ಸಿಕ್ಕಿತು, ಜೊತೆಯಲ್ಲೇ ತಂದಿದ್ದೇನೆ.

ಘಾಟಿಯನ್ನು ಎರಡನೇ ಗೇರಿನಲ್ಲೇ ಹತ್ತಿದೆ. ಹಿಂದೆ ಸಾಲಾಗಿ ಲಾರಿಗಳು, ಎಲ್ಲರೂ ಹಾರ್ನು. ಮೇಲೆ ಬಂದಾಗ ರಸ್ತೆ ತಟಕ್ಕನೆ ನೇರವಾಯಿತು. ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಿ ಇಳಿದು, ಎಲ್ಲ ಲಾರಿಗಳೂ ಹೋಗುವವರೆಗೆ ಹುಲ್ಲಿನ ಮೇಲೆ ಕೂತಿದ್ದೆ. ಸೂಜಿ, ಇಲ್ಲಿ ನಾವು ಅಂದುಕೊಂಡಷ್ಟು ಮೌನ ಇಲ್ಲ. ಪಕ್ಕದ ಗಾಡಿಯವರು ದಿನವಿಡೀ ರೇಡಿಯೋ ಹಾಕುತ್ತಾರೆ. ಕೆರೆಯಲ್ಲಿ ನೀರು ಕಡಿಮೆ. ಆದರೆ ಮೋಡದ ನೆರಳು ನಡೆಯುವುದು ನಿಜ. ಮಧ್ಯಾಹ್ನ ಮಲಗಿದ್ದಾಗ ಅಂಥದ್ದೊಂದು ನೆರಳು ಗಾಡಿಯ ಮೇಲೆ ಹಾದುಹೋಯಿತು. ಒಳಗೆಲ್ಲ ತಂಪಾಯಿತು, ಪರದೆಗಳ ನೀಲಿ ಗಾಢವಾಯಿತು, ಮತ್ತೆ ತಿಳಿಯಾಯಿತು. ಎಚ್ಚರವೋ ನಿದ್ದೆಯೋ ಗೊತ್ತಾಗದೆ ನಾನು, "ನೋಡಿದ್ಯಾ?" ಅಂತ ಕೇಳಿದೆ. ಎದುರು ಮಂಚ ಖಾಲಿ ಇತ್ತು. ಆಗ ನನ್ನ ಕೋಪವೆಲ್ಲ ಹೋಯಿತು. ನಿನ್ನ ಮೇಲಿನದು ಅಂತ ಹೇಳುತ್ತಿದ್ದೇನೆ, ಉಳಿದದ್ದು ಇದೆ.

ಈಗ ಆ ಪದದ ವಿಷಯ. ಅಕ್ಕ ಬೇಡ. ಅಕ್ಕ ಅನ್ನಿಸಿಕೊಳ್ಳಲು ಏನೂ ಮಾಡಬೇಕಿಲ್ಲ, ಮೊದಲು ಹುಟ್ಟಿದರೆ ಸಾಕು. ನಾನು ನಿನ್ನ ತಲೆಯ ಹೇನು ತೆಗೆದಿದ್ದೇನೆ, ಜ್ವರ ಬಂದಾಗ ಶಾಲೆಗೆ ಚೀಟಿ ಬರೆದಿದ್ದೇನೆ, ನೀನು ಹೊಲಿಗೆ ಕಲಿಯುತ್ತೇನೆ ಅಂದಾಗ ನಿಮ್ಮಣ್ಣನ ಜೊತೆ ಒಂದು ವಾರ ಮಾತು ಬಿಟ್ಟಿದ್ದೇನೆ. ಅವನು ನನ್ನನ್ನು ಹೆಂಡತಿ ಮಾಡಿದ. ಅತ್ತಿಗೆ ಮಾಡಿದ್ದು ನೀನು. ಅವನು ಕೊಟ್ಟದ್ದನ್ನು ಅವನು ವಾಪಸ್ ತೆಗೆದುಕೊಂಡ, ಅದು ಅವನ ಇಷ್ಟ. ನೀನು ಕೊಟ್ಟದ್ದು ನೀನು ಹೇಳುವವರೆಗೂ ನನ್ನದೇ.

ಆ ಹುಡುಗಿಯನ್ನೂ ಅತ್ತಿಗೆ ಅಂತಲೇ ಕರಿ. ಬಾಣಂತಿ, ಮನಸ್ಸಿಗೆ ಬೇಜಾರಾಗಬಾರದು. ಮಗುವನ್ನು ಎಡಗೈಯಲ್ಲಿ ಹಿಡಿದು ಕುತ್ತಿಗೆಗೆ ಆಸರೆ ಕೊಡು ಅಂತ ನಿಮ್ಮಣ್ಣನಿಗೆ ಹೇಳು, ನಾನು ಹೇಳಿದೆ ಅನ್ನಬೇಡ. ನನಗೆ ನೋವಿಲ್ಲ ಅಂತ ಬರೆಯುವುದಿಲ್ಲ, ಇದೆ. ಇಲ್ಲಿ ಜಾಗ ದೊಡ್ಡದು, ಒಂದು ಕಡೆ ಇಟ್ಟಿದ್ದೇನೆ.

ತಪ್ಪಲಿನ ಊರಿನಿಂದ ದಿನಕ್ಕೆ ಎರಡು ಬಸ್ಸು ಮೇಲೆ ಬರುತ್ತವೆ. ಕೆರೆ ಅಂತ ಹೇಳಿದರೆ ನಿಲ್ಲಿಸುತ್ತಾರೆ. ತಿಂಗಳ ಕೊನೆಯವರೆಗೂ ಇಲ್ಲೇ ಇರುತ್ತೇನೆ. ಅಂಚಿಗೆ ಹೋಗಿಲ್ಲ, ಒಬ್ಬಳೇ ಹೋಗುವುದೂ ಇಲ್ಲ.

ಇಂತಿ,
ನಿನ್ನ ಅತ್ತಿಗೆ


೨೦ ಸೆಪ್ಟೆಂಬರ್

ಅತ್ತಿಗೆ,

ಬಸ್ಸಿನಲ್ಲಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ. ಇದನ್ನು ಅಂಚೆಗೆ ಹಾಕುವುದಿಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಕೈಯಲ್ಲೇ ಕೊಡುತ್ತೇನೆ. ಮೇಲಿನ ಆ ಒಂದು ಪದ ಬರೆಯಬೇಕು ಅನ್ನಿಸಿತು, ಅದಕ್ಕೆ.

ಅಣ್ಣನಿಗೆ ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಹೇಳಿಯೇ ಹೊರಟೆ. ಅವನು ಮಗುವನ್ನು ಹಿಡಿದುಕೊಂಡು ಬಾಗಿಲವರೆಗೂ ಬಂದ. ಏನೋ ಹೇಳಲು ಹೋಗಿ, "ಸ್ವೆಟರ್ ಇಟ್ಕೊಂಡ್ಯಾ?" ಅಂದ, ಅಷ್ಟೆ.

ಬಸ್ಸು ಘಾಟಿ ಹತ್ತುತ್ತಿದೆ. ಕಂಡಕ್ಟರು ಟಿಕೆಟು ಕೊಡುತ್ತಾ, "ಕೆರೆ ಹತ್ರ ಊರೇ ಇಲ್ವಲ್ಲಮ್ಮ, ಯಾರಿದಾರೆ ಅಲ್ಲಿ?" ಅಂದ.

"ನಮ್ಮತ್ತಿಗೆ ಇದಾರೆ" ಅಂದೆ.

"ಓ, ಅಣ್ಣ ಅತ್ತಿಗೆ ಇದಾರಾ?"

"ಅಣ್ಣ ಇಲ್ಲ. ಅತ್ತಿಗೆ ಮಾತ್ರ."

ಅವನಿಗೆ ಅರ್ಥವಾಗಲಿಲ್ಲ, ಮುಂದಿನ ಸೀಟಿಗೆ ಹೋದ.

ಇಂತಿ,
ನಿಮ್ಮ ನಾದಿನಿ